ಬಾಂಬರ್ ಪೈಲಟ್‌ನ ಟ್ರಂಕು: ಒಟ್ಟಿಗೆ ಬಂದದ್ದನ್ನು ಒಟ್ಟಿಗೆ ಇಡಬಾರದೇಕೆ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬ್ ದಾಳಿ ವಿಭಾಗವಾದ ಬಾಂಬರ್ ಕಮಾಂಡಿಗಾಗಿ ವಿಮಾನ ಹಾರಿಸಿದ ಪೈಲಟ್ ಒಬ್ಬನ ಟ್ರಂಕಿನಲ್ಲಿ ಏನೇನಿರುತ್ತದೆ? ಸರ್ಜ್ ಎಂಬ ನೀಲಿಬೂದು ಉಣ್ಣೆ ಬಟ್ಟೆಯ ಬ್ಯಾಟಲ್‌ಡ್ರೆಸ್, ಹಿತ್ತಾಳೆ ಗುಂಡಿಗಳ ಸರ್ವಿಸ್ ಕೋಟು, ಕತ್ತು ಮಡಚುವ ಬಿಳಿ ಉಣ್ಣೆ ಸ್ವೆಟರು, ಕುರಿಚರ್ಮದ ಇರ್ವಿನ್ ಜಾಕೆಟ್ಟು, ಚರ್ಮದ ಸಿ-ಟೈಪ್ ಹೆಲ್ಮೆಟ್ಟು, ರಬ್ಬರಿನ ಆಕ್ಸಿಜನ್ ಮಾಸ್ಕ್, ಸೈನಿಕರು ‘ಮೇ ವೆಸ್ಟ್’ ಎಂದು ಕರೆಯುತ್ತಿದ್ದ ಹಳದಿ ಲೈಫ್ ಜಾಕೆಟ್ಟು, ರೇಷ್ಮೆಯ ನಕ್ಷೆ, ಕೈಗಡಿಯಾರ, ಪದಕಗಳು, ಪ್ರತಿ ಹಾರಾಟವನ್ನೂ ಬರೆದಿಡುವ ಲಾಗ್‌ಬುಕ್, ಒಂದು ಕಟ್ಟು ಕಾಗದ, ಕೆಲವು ಫೋಟೋ ನೆಗೆಟಿವ್‌ಗಳು. ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಎಂಬತ್ತು ವರ್ಷ ಕಳೆದಿರುತ್ತವೆ. ಹಾಳಾಗಿದ್ದರೆ ಅದಕ್ಕೆ ಮುಖ್ಯ ಕಾರಣವೂ ಇದೇ.

ರಬ್ಬರಿನಿಂದ ಹೊರಬೀಳುವ ಗಂಧಕ ಬೆಳ್ಳಿಯ ಪದಕವನ್ನು ಕಪ್ಪಾಗಿಸುತ್ತದೆ. ಚರ್ಮದ ಕೊಬ್ಬು ಹಿತ್ತಾಳೆಯೊಂದಿಗೆ ಸೇರಿ ಮೇಣದಂಥ ಹಸಿರು ಕಿಲುಬು ಹುಟ್ಟುತ್ತದೆ. ಆ ಕಿಲುಬು ಪಕ್ಕದ ಬಟ್ಟೆಗೆ ಹತ್ತಿ ಕಲೆಯಾಗಿ ಕೂರುತ್ತದೆ. ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹಳೆಯ ನೆಗೆಟಿವ್‌ನಿಂದ ಏಳುವ ಹುಳಿ ಆವಿ ಕಾಗದವನ್ನೂ ಲೋಹವನ್ನೂ ತಿನ್ನುತ್ತದೆ. ಆದ್ದರಿಂದ ಮೊದಲ ನಿಯಮ: ಒಂದೊಂದು ಬಗೆಯ ವಸ್ತುವಿಗೂ ಒಂದೊಂದು ಪೆಟ್ಟಿಗೆ. ಆದರೆ ಹಾಗೆ ಬೇರ್ಪಡಿಸಿದೊಡನೆ ಇನ್ನೊಂದು ಅಪಾಯ ಎದುರಾಗುತ್ತದೆ. ಬ್ರಿಟಿಷ್ ಯೋಧರಿಗೆ ಕೊಟ್ಟ 1939–45 ಸ್ಟಾರ್, ಏರ್‌ಕ್ರೂ ಯುರೋಪ್ ಸ್ಟಾರ್‌ನಂಥ ಯುದ್ಧಪದಕಗಳ ಮೇಲೆ ಸರ್ಕಾರ ಹೆಸರು ಕೆತ್ತಿಸಲಿಲ್ಲ. ಲಾಗ್‌ಬುಕ್ಕಿನಿಂದ ದೂರವಾದ ಮರುಕ್ಷಣ ಅವು ಯಾರ ಪದಕಗಳೂ ಅಲ್ಲ. ಹೀಗಾಗಿ ವಸ್ತುಗಳನ್ನು ಬೇರೆ ಮಾಡುವ ಮೊದಲೇ ಅವುಗಳ ಸಂಬಂಧವನ್ನು ಬರಹದಲ್ಲಿ ಕಟ್ಟಿಹಾಕಬೇಕು. ಈ ಎರಡೂ ಕೆಲಸ ಒಟ್ಟಿಗೆ ಸಾಗಬೇಕು.

ಟ್ರಂಕಿನಲ್ಲಿ ಏನಿದೆ, ಏನಿಲ್ಲ ಎಂಬುದೂ ಒಂದು ಸಾಕ್ಷಿ. ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಸತ್ತರು. ಒಬ್ಬನ ವಿಮಾನ ಮರಳದಿದ್ದರೆ ‘ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್’ ಎಂಬ ತಂಡ ಆತನ ಕೋಣೆಗೆ ಬಂದು ಸರ್ಕಾರಿ ಸಾಮಾನನ್ನು ಸ್ಟೋರಿಗೆ ಒಪ್ಪಿಸಿ, ಸ್ವಂತ ವಸ್ತುಗಳ ಪಟ್ಟಿ ಮಾಡಿ, ಕೋಲ್ನ್‌ಬ್ರುಕ್‌ನಲ್ಲಿದ್ದ ವಾಯುಪಡೆಯ ಕೇಂದ್ರ ಭಂಡಾರಕ್ಕೆ ಕಳಿಸುತ್ತಿತ್ತು. ಮನೆಯವರಿಗೆ ತಲುಪುತ್ತಿದ್ದದ್ದು ಅಲ್ಲಿಂದ. ಅಂದರೆ ಸತ್ತವನ ಟ್ರಂಕಿನಲ್ಲಿ ಸಾಮಾನ್ಯವಾಗಿ ಕಾಗದ, ಫೋಟೋ, ರೇಜರು, ಸರ್ವಿಸ್ ಕೋಟು ಇರುತ್ತವೆ. ಹಾರಾಟದ ಉಡುಪು ಇರುವುದಿಲ್ಲ. ಬದುಕಿ ಬಂದವನ ಟ್ರಂಕಿನಲ್ಲಿ ಅದು ಇರಬಹುದು. ಕಾಣೆಯಾದವನ ಸಾಮಾನಿನ ನಡುವೆ ಇರ್ವಿನ್ ಜಾಕೆಟ್ಟೊಂದು ಸಿಕ್ಕರೆ, ಅದು ಆಮೇಲೆ ಬಂದು ಸೇರಿದ್ದೇ ಎಂದು ಕೇಳಲೇಬೇಕು. ಭಂಡಾರದ ಪಟ್ಟಿ ಉಳಿದಿದ್ದರೆ ಅದೇ ನಿಮ್ಮ ಸಂಗ್ರಹದ ಮೊದಲ ದಾಖಲೆ. ಅದರೊಂದಿಗೆ ಒಂದೊಂದನ್ನೂ ತಾಳೆ ನೋಡಿ.

ತೆರೆಯುವಾಗ

ಮೇಜಿನ ಮೇಲೆ ಒಗೆದ ಬಿಳಿ ಹೊದಿಕೆ ಹಾಸಿ. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಫೋಟೋಗಳಲ್ಲಿ ಕಾಣುವ ಬಿಳಿ ಹತ್ತಿ ಗ್ಲೌಸ್ ಬೇಡ, ಅದು ಕಸೂತಿ ಎಳೆಗೆ ಸಿಕ್ಕಿಕೊಳ್ಳುತ್ತದೆ. ಪೆಟ್ಟಿಗೆಯ ಒಂದೊಂದು ಪದರ ತೆಗೆಯುವ ಮೊದಲೂ ಮೇಲಿಂದ ಒಂದು ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ. ಯಾವುದು ಯಾವುದರ ಮೇಲಿತ್ತು, ಯಾವುದಕ್ಕೆ ಸುತ್ತಿತ್ತು ಎಂಬುದು ಒಂದೇ ಬಾರಿ ತಿಳಿಯುವ ಸಂಗತಿ.

ಜೇಬುಗಳನ್ನು ಕೊಡವಬಾರದು. ಬಸ್ ಟಿಕೆಟ್ಟು, ತಂಬಾಕಿನ ಚೂರು, ಪೆನ್ಸಿಲ್ ತುಂಡು ಏನೇ ಸಿಕ್ಕರೂ ಚಿಕ್ಕ ಪಾಲಿಥೀನ್ ಚೀಲಕ್ಕೆ ಹಾಕಿ ‘ಎಡ ಎದೆಜೇಬು’ ಎಂದು ಬರೆಯಿರಿ. ನಾಗರಿಕ ಉಡುಪಿನಲ್ಲಿ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಫೋಟೋ ಸಿಕ್ಕರೆ ಅದು ಮನೆಯವರಿಗಾಗಿ ತೆಗೆಸಿದ್ದಲ್ಲದೆ ಇರಬಹುದು: ಶತ್ರುನೆಲದಲ್ಲಿ ಬಿದ್ದರೆ ನಕಲಿ ಗುರುತುಪತ್ರಕ್ಕೆ ಅಂಟಿಸಲೆಂದು ವಿಮಾನ ಸಿಬ್ಬಂದಿ ಅಂಥ ಫೋಟೋ ಜೊತೆಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಪ್ರತಿ ವಸ್ತುವಿಗೂ ಒಂದು ಸಂಖ್ಯೆ ಕೊಡಿ. ಬಟ್ಟೆಗೆ ಆದರೆ ಆ ಸಂಖ್ಯೆಯನ್ನು ಒಗೆದ ಹತ್ತಿ ಪಟ್ಟಿಯ ಮೇಲೆ ಬರೆದು, ಒಳಬಟ್ಟೆಯ ಹೊಲಿಗೆಯ ಸಂದಿಯಲ್ಲಿ ಎರಡು ಸಡಿಲ ಹೊಲಿಗೆ ಹಾಕಿದರೆ ಸಾಕು. ಕಾಗದಕ್ಕೆ 2ಬಿ ಪೆನ್ಸಿಲ್, ಹಿಂಬದಿಯ ಮೂಲೆಯಲ್ಲಿ. ಬಾಲ್‌ಪೆನ್, ಸ್ಟಿಕರ್, ಸೆಲ್ಲೋಟೇಪು, ಪಿನ್ನು ಯಾವುದೂ ಬೇಡ. ಒಳಗಿನ ಲೇಬಲ್ಲು, ಕಿರೀಟದ ಕೆಳಗೆ ‘ಎ.ಎಂ.’ ಎಂಬ ವಾಯು ಸಚಿವಾಲಯದ ಮುದ್ರೆ, 22ಸಿ ಎಂದು ಶುರುವಾಗುವ ಹಾರಾಟದ ಉಡುಪಿನ ಸ್ಟೋರ್ ಸಂಖ್ಯೆ, ಶಾಯಿಯಲ್ಲಿ ಬರೆದ ಹೆಸರು ಮತ್ತು ಸರ್ವಿಸ್ ನಂಬರು, ದೋಬಿ ಗುರುತು, ಇವೆಲ್ಲದರ ಹತ್ತಿರದ ಫೋಟೋ ಇರಲಿ. ಮಸುಕಾದ ಹೆಸರಿಗೆ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ನೋಡಿ. ಎಷ್ಟೋ ಸಲ ಓದಲು ಬರುತ್ತದೆ.

ಅಪಾಯದ ಸಾಮಾನು

ಮೇ ವೆಸ್ಟ್‌ನ ಒಳಗಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇನ್ನೂ ತುಂಬಿರಬಹುದು. ಲಿವರ್ ಎಳೆಯಬೇಡಿ, ಸಿಲಿಂಡರ್ ತಿರುಗಿಸಿ ಬಿಚ್ಚಲೂ ಹೋಗಬೇಡಿ. ಸಂಕೇತದ ಬೆಳಕು ಹಾರಿಸುವ ಸಿಗ್ನಲ್ ಕಾರ್ಟ್ರಿಡ್ಜ್ ಕಂಡರೆ ಕೈಹಾಕದೆ ಪೊಲೀಸರಿಗೆ ತಿಳಿಸಿ. ಆ ಕಾಲದ ವಿಷಾನಿಲ ಮಾಸ್ಕಿನ ಫಿಲ್ಟರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಎರಡು ದಪ್ಪ ಪಾಲಿಥೀನ್ ಚೀಲದೊಳಗೆ ಮುಚ್ಚಿ ಹೊರಗೆ ಚೀಟಿ ಅಂಟಿಸಿ. ಮಕ್ಕಳ ಮುಖಕ್ಕೆ ಹಾಕಿ ಫೋಟೋ ತೆಗೆಯುವ ಆಸೆ ಬೇಡವೇ ಬೇಡ.

ಹೆಚ್ಚಿನವರು ಗಮನಿಸದ ಅಪಾಯವೆಂದರೆ ಗಡಿಯಾರ. ಕತ್ತಲಲ್ಲಿ ಕಾಣಲೆಂದು ವಾಯುಪಡೆಯ ಹಲವು ಗಡಿಯಾರಗಳ ಅಂಕಿ ಮುಳ್ಳುಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಈಗ ಅದು ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಎಂದುಕೊಳ್ಳುತ್ತಾರೆ. ಸತ್ತಿರುವುದು ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡ್ ಮಾತ್ರ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ, ಅದು ಹೊಸದರಷ್ಟೇ ಚುರುಕಾಗಿದೆ. ಗಾಜು ಗಟ್ಟಿಯಾಗಿರುವವರೆಗೆ ದೊಡ್ಡ ತೊಂದರೆಯಿಲ್ಲ. ಬಣ್ಣ ಉದುರಿದ ಪುಡಿ ಉಸಿರಿಗೋ ಬಾಯಿಗೋ ಹೋಗುವುದೇ ನಿಜವಾದ ಅಪಾಯ. ಆದ್ದರಿಂದ ಹಿಂಬದಿ ಮುಚ್ಚಳ ತೆಗೆಸಬೇಡಿ, ‘ಸರ್ವಿಸ್’ಗೆಂದು ಬೀದಿ ಗಡಿಯಾರದಂಗಡಿಗೆ ಕೊಡಬೇಡಿ, ಅಲ್ಲಿನವನು ಅದನ್ನು ಊದಿ ಸ್ವಚ್ಛ ಮಾಡುತ್ತಾನೆ. ಜಿಪ್ ಚೀಲದಲ್ಲಿ ಹಾಕಿ, ಚೀಟಿ ಬರೆದು, ಗಾಳಿಯಾಡುವ ಕೋಣೆಯಲ್ಲಿ ಇಡಿ, ಮಲಗುವ ಕೋಣೆಯಲ್ಲಲ್ಲ. ಚಿಕ್ಕ ದಿಕ್ಸೂಚಿಗಳ ಹೊಳಪಿನ ಚುಕ್ಕೆಗೂ ಇದೇ ಎಚ್ಚರಿಕೆ.

ಉಣ್ಣೆ

ಸಮವಸ್ತ್ರ ಕೈಗೆ ಬಂದೊಡನೆ ಒಗೆಯಬೇಕೆನಿಸುವುದು ಸಹಜ. ಒಗೆಯಬೇಡಿ, ಡ್ರೈಕ್ಲೀನಿಂಗೂ ಬೇಡ. ಸರ್ಜ್ ನೀರಿಗೆ ಕುಗ್ಗುತ್ತದೆ, ಒಳಗಿನ ಹತ್ತಿ ಬಟ್ಟೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತದೆ, ಆಮೇಲೆ ಕೋಟು ಎಂದೂ ಸರಿಯಾಗಿ ಕೂರುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ತೋಳಿನ ಎಣ್ಣೆಕಲೆ, ಪ್ಯಾರಾಚೂಟಿನ ಹಾರ್ನೆಸ್ ಪಟ್ಟಿ ಉಜ್ಜಿ ನಯವಾದ ಭುಜ, ಕಾಲರ್ ಕೊಂಡಿಯ ಬಳಿ ಸೀಟಿ ತೂಗಾಡಿ ಬಿದ್ದ ಗುರುತು, ಇವೇ ಈ ಬಟ್ಟೆಯನ್ನು ಅಂಗಡಿಯ ಹಳೆ ಸರಕಿನಿಂದ ಬೇರೆ ಮಾಡುವುದು. (ಸಮುದ್ರಕ್ಕೆ ಬಿದ್ದಾಗ ಕತ್ತಲಲ್ಲಿ ಒಬ್ಬರನ್ನೊಬ್ಬರು ಹುಡುಕಲು ಕೊಟ್ಟಿದ್ದ ಆ ಸೀಟಿಯ ಮೇಲೆ ‘ಎ.ಎಂ. 23/230’ ಎಂಬ ಗುರುತು ಇರುತ್ತದೆ.) ಉಪ್ಪುನೀರು ಕುಡಿದ ಬಟ್ಟೆ ಮಾತ್ರ ಅಪವಾದ, ಉಪ್ಪು ತೇವ ಹೀರಿಕೊಳ್ಳುತ್ತಲೇ ಇರುವುದರಿಂದ ಅದನ್ನು ತೆಗೆಯಬೇಕು, ಆದರೆ ಆ ಕೆಲಸ ಜವಳಿ ಸಂರಕ್ಷಕರದ್ದು.

ಧೂಳು ಮಾತ್ರ ಹೋಗಬೇಕು. ಸೊಳ್ಳೆಪರದೆಯ ನೈಲಾನ್ ತುಂಡೊಂದಕ್ಕೆ ಅಂಚು ಕಟ್ಟಿ ಬಟ್ಟೆಯ ಮೇಲೆ ಹಾಸಿ, ವ್ಯಾಕ್ಯೂಮ್ ಕ್ಲೀನರನ್ನು ಅತಿ ಕಡಿಮೆ ಎಳೆತಕ್ಕೆ ಇಟ್ಟು, ಉಜ್ಜದೆ ಎತ್ತಿ ಎತ್ತಿ ಇಡುತ್ತ ಸಾಗಿ. ಎದೆಯ ರೆಕ್ಕೆ ಲಾಂಛನ ರೇಷ್ಮೆ ಎಳೆಯ ಕಸೂತಿ. ಅಲ್ಲಿ ವ್ಯಾಕ್ಯೂಮ್ ಬೇಡ, ಮೆದು ಬ್ರಷ್ಷಿನಿಂದ ಧೂಳನ್ನು ಹೊರಕ್ಕೆ ತಳ್ಳಿದರೆ ಸಾಕು. ಕಾಲರಿನ ಅಡಿ, ಜೇಬಿನ ತಳ, ಪ್ಯಾಂಟಿನ ಮಡಿಕೆ, ಭುಜಪಟ್ಟಿಯ ಕೆಳಗೆ ಟಾರ್ಚ್ ಹಿಡಿದು ನೋಡಿ. ಅಕ್ಕಿಕಾಳಿನಂಥ ಗೂಡು, ರೇಷ್ಮೆಯಂಥ ಬಲೆ, ಮರಳಿನಂಥ ಹಿಕ್ಕೆ ಕಂಡರೆ ನುಸಿ ಹತ್ತಿದೆ ಎಂದರ್ಥ. ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಬೆವರು, ಸಾರು ಚೆಲ್ಲಿದ ಜಾಗವೇ ಅದಕ್ಕೆ ಹೆಚ್ಚು ರುಚಿ.

ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಬೇಕು. ನ್ಯಾಫ್ತಲೀನ್ ಆವಿ ವಸ್ತುವಿನ ಮೇಲೆ ಮತ್ತೆ ಹರಳುಗಟ್ಟುತ್ತದೆ, ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ, ಮನುಷ್ಯರ ಆರೋಗ್ಯಕ್ಕೂ ಒಳ್ಳೆಯದಲ್ಲ. ಹುಳ ಕೊಲ್ಲಲು ಚಳಿ ಸಾಕು. ಬಟ್ಟೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿಗೆ ಟೇಪು ಹಾಕಿ ಫ್ರೀಜರಿಗೆ ಇಡಿ. ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ. ಮನೆಯ ಡೀಪ್ ಫ್ರೀಜರಿನ ಮೈನಸ್ 18ರಲ್ಲಿ ಪೂರ್ತಿ 2 ವಾರ. ಫ್ರಿಜ್ಜಿನ ಮೇಲಿನ ಚಿಕ್ಕ ಅರೆ ಇದಕ್ಕೆ ಆಗದು, ಮಂಜು ಕರಗಿಸಲು ಅದು ಆಗಾಗ ತಾನೇ ಬಿಸಿಯಾಗುತ್ತದೆ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಬಿಚ್ಚಿದರೆ ಗಾಳಿಯ ತೇವವೆಲ್ಲ ತಣ್ಣನೆಯ ಬಟ್ಟೆಯ ಮೇಲೆ ಇಬ್ಬನಿಯಾಗಿ ಇಳಿಯುತ್ತದೆ. ಪದಕ, ಗಡಿಯಾರ, ರಬ್ಬರು ಫ್ರೀಜರಿಗೆ ಹೋಗಬಾರದು.

ಗುಂಡಿಗಳಿಗೆ ಪಾಲಿಶ್ ಬೇಡ. ಹಿತ್ತಾಳೆ ಪಾಲಿಶ್ ಗುಂಡಿಯ ಸುತ್ತ ಬಿಳಿ ಪುಡಿ ಬಿಡುತ್ತದೆ, ಉಜ್ಜಿದಷ್ಟೂ ಕಿರೀಟ ಮತ್ತು ಹದ್ದಿನ ಗೆರೆ ಸವೆಯುತ್ತದೆ. ನಮ್ಮ ಅಡುಗೆಮನೆಯ ಹುಣಸೆಹಣ್ಣು ಇನ್ನೂ ಕೆಟ್ಟದ್ದು, ಅದರ ಹುಳಿ ಹಿತ್ತಾಳೆಯ ಸತುವನ್ನು ಕರಗಿಸಿ ಮೇಲ್ಮೈಯನ್ನು ತಾಮ್ರದಂತೆ ಕೆಂಪಗೆ ಮಾಡುತ್ತದೆ. ಕಿಲುಬಿದ್ದರೆ ಮರದ ಕಡ್ಡಿಯಿಂದ ಒಣಗಿದಂತೆಯೇ ಎಬ್ಬಿಸಿ ತೆಗೆಯಿರಿ. ಬಳಿಕ ಪಾಲಿಯೆಸ್ಟರ್ ಹಾಳೆಯನ್ನು ಬಿಲ್ಲೆಯಾಗಿ ಕತ್ತರಿಸಿ, ಮಧ್ಯದವರೆಗೆ ಒಂದು ಸೀಳು ಕೊಟ್ಟು ಗುಂಡಿಯ ಅಡಿಗೆ ತೂರಿಸಿದರೆ ಲೋಹಕ್ಕೂ ಉಣ್ಣೆಗೂ ನೇರ ಸಂಪರ್ಕ ತಪ್ಪುತ್ತದೆ.

ಇಡುವಾಗ ಕೋಟನ್ನು ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ ಉದ್ದಕ್ಕೆ ಮಲಗಿಸಿ. ತೋಳು, ಎದೆ, ಮಡಿಕೆ ಇರುವಲ್ಲೆಲ್ಲ ಟಿಶ್ಯೂ ಸುರುಳಿ ತುಂಬಬೇಕು, ಮಡಿಕೆ ಚೂಪಾಗಬಾರದು. ಉಣ್ಣೆ, ರೇಷ್ಮೆಗೆ ಕ್ಷಾರ ಸೇರಿಸದ ಟಿಶ್ಯೂವೇ ಆಗಬೇಕು, ಕ್ಷಾರ ಪ್ರಾಣಿಜನ್ಯ ನಾರಿಗೆ ಒಗ್ಗದು. ನೇತುಹಾಕಲೇಬೇಕೆಂದರೆ ಹ್ಯಾಂಗರಿಗೆ ಪಾಲಿಯೆಸ್ಟರ್ ಹತ್ತಿ ಸುತ್ತಿ ಭುಜದ ಅಗಲಕ್ಕೆ ದಪ್ಪ ಮಾಡಿ, ಮೇಲೆ ಕೋರಾ ಬಟ್ಟೆಯ ಗವಸು ಹಾಕಿ. ಕೋರಾ ಬಟ್ಟೆಯನ್ನು ಮೊದಲು ಎರಡು ಸಲ ಬಿಸಿನೀರಲ್ಲಿ ಒಗೆದು ಗಂಜಿ ಪೂರ್ತಿ ತೆಗೆಯಿರಿ; ಗಂಜಿಯೆಂದರೆ ಜಿರಳೆಗೂ ಬೆಳ್ಳಿಹುಳಕ್ಕೂ ಹಬ್ಬ.

ಚರ್ಮ, ರಬ್ಬರು

ಇರ್ವಿನ್ ಜಾಕೆಟ್ಟಿನ ತೂಕ ಹೆಚ್ಚು. ಚರ್ಮ ಗಟ್ಟಿಯಾಗಿ ಕಂಡರೂ ಅದನ್ನು ಹಿಡಿದಿರುವ ಹತ್ತಿ ದಾರ ಮೊದಲು ಕೊಳೆತಿರುತ್ತದೆ. ಹ್ಯಾಂಗರಿಗೆ ಹಾಕಿದರೆ, ಅಥವಾ ಮೊಮ್ಮಗ ಒಮ್ಮೆ ತೊಟ್ಟು ನೋಡಿದರೆ, ಭುಜದ ಹೊಲಿಗೆ ಬಿಚ್ಚುತ್ತದೆ. ಮಲಗಿಸಿಯೇ ಇಡಬೇಕು, ತೋಳೊಳಗೆ ಟಿಶ್ಯೂ ತುಂಬಿ. ಸಿಕ್ಕಿಕೊಂಡ ಜಿಪ್ಪನ್ನು ಎಳೆಯಬೇಡಿ, ಅದು ಇದ್ದ ಹಾಗೇ ಇರಲಿ.

ಎಣ್ಣೆ, ಬೂಟ್ ಪಾಲಿಶ್, ಸ್ಯಾಡಲ್ ಸೋಪ್ ಯಾವುದನ್ನೂ ಹಚ್ಚಬೇಡಿ. ಎಣ್ಣೆ ಹಚ್ಚಿದ ಚರ್ಮ ಕೆಲ ದಿನ ಮೆದುವಾಗಿ ಕಾಣುತ್ತದೆ. ಆಮೇಲೆ ಆ ಎಣ್ಣೆ ಗಾಳಿಗೆ ಗಟ್ಟಿಯಾಗಿ, ಧೂಳು ಹಿಡಿದು, ಚರ್ಮವನ್ನು ಮೊದಲಿಗಿಂತ ಬಿರುಸು ಮಾಡುತ್ತದೆ. ಮೇಲೆ ಬಿಳಿ ಪದರ ಕಂಡರೆ ಅದು ಬೂಷ್ಟೋ ಒಳಗಿಂದ ಉಕ್ಕಿದ ಕೊಬ್ಬೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ: ಸ್ವಲ್ಪವೇ ಬಿಳಿಯನ್ನು ಕಡ್ಡಿಯಿಂದ ತೆಗೆದು ಗಾಜಿನ ಚೂರಿನ ಮೇಲಿಟ್ಟು ಹೇರ್ ಡ್ರೈಯರ್ ಹಿಡಿಯಿರಿ. ಕೊಬ್ಬು ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಬೆಲ್ಟು, ಹೋಲ್ಸ್‌ಟರಿನಂಥ ತೊಗಟೆ ಹದದ ಚರ್ಮ ಮುಟ್ಟಿದರೆ ಕೆಂಪು ಪುಡಿ ಉದುರುತ್ತಿದ್ದರೆ ಆಮ್ಲದಿಂದ ಅದರ ನಾರೇ ಕುಸಿದಿದೆ. ಅದು ಹಿಂದಿರುಗುವ ದಾರಿಯಿಲ್ಲ. ಸಂರಕ್ಷಕರು ಆಲ್ಕೋಹಾಲಿನಲ್ಲಿ ಕರಗಿಸಿದ ತೆಳು ಹೈಡ್ರಾಕ್ಸಿಪ್ರೊಪೈಲ್ ಸೆಲ್ಯುಲೋಸ್ ಹಚ್ಚಿ ಪುಡಿ ನಿಲ್ಲಿಸುತ್ತಾರೆ, ಅಷ್ಟೇ.

1943ರ ಮಾದರಿಯ ಬೂಟು ಸಿಕ್ಕರೆ ಒಳಬದಿ ನೋಡಿ: ಪುಟ್ಟ ಚಾಕುವಿನ ಜೇಬಿರುತ್ತದೆ. ವಿಮಾನ ಬಿದ್ದರೆ ಬೂಟಿನ ಉದ್ದ ಕಾಲನ್ನು ಕತ್ತರಿಸಿ, ಕೆಳಭಾಗವನ್ನು ಸಾಮಾನ್ಯ ಶೂನಂತೆ ತೊಟ್ಟು ಜನರ ನಡುವೆ ನಡೆಯಲೆಂದು ಮಾಡಿದ ಉಪಾಯ. ಕಾಲು ಕತ್ತರಿಸಿದ ಜೋಡಿ ಎಂದರೆ ಹಾಳಾದದ್ದು ಎಂದು ಎಸೆಯಬಾರದು, ಅದು ಹೆಚ್ಚಿನ ಬೆಲೆಯ ದಾಖಲೆ.

ರಬ್ಬರಿನ ವಿಷಯ ಚುಟುಕಾಗಿ ಹೇಳುವುದೇ ಸರಿ, ಮಾಡಬಹುದಾದ್ದು ಕಡಿಮೆ. ಆಮ್ಲಜನಕ ಮತ್ತು ಬೆಳಕು ಅದನ್ನು ಗಟ್ಟಿಮಾಡುತ್ತವೆ; ಗಟ್ಟಿಯಾದ ರಬ್ಬರನ್ನು ಯಾವ ದ್ರವವೂ ಮೆದು ಮಾಡದು. ಮಾಸ್ಕಿನ ಒಳಗೆ ಟಿಶ್ಯೂ ತುಂಬಿ ಆಕಾರ ಉಳಿಸಿ, ತಂಪು ಕತ್ತಲಲ್ಲಿ, ಬೆಳ್ಳಿ ತಾಮ್ರಗಳಿಂದ ದೂರವಿಡಿ. ಆಮ್ಲಜನಕ ಹೀರುವ ಪೊಟ್ಟಣ ಬಳಸುವುದಾದರೆ ಗಾಳಿ ತೂರದ ವಿಶೇಷ ಹಾಳೆ ಬೇಕು, ಮಾಮೂಲಿ ಪಾಲಿಥೀನಿನಲ್ಲಿ ಅದು ವ್ಯರ್ಥ. ಮೇ ವೆಸ್ಟ್‌ಗೆ ಗಾಳಿ ತುಂಬಿ ನೋಡಬೇಡಿ.

ರೇಷ್ಮೆ ನಕ್ಷೆ

ಸೆರೆಯಿಂದ ತಪ್ಪಿಸಿಕೊಳ್ಳುವವರಿಗೆ ನೆರವಾಗುತ್ತಿದ್ದ ಬ್ರಿಟನ್ನಿನ ಎಂಐ9 ವಿಭಾಗದಲ್ಲಿ ಕ್ರಿಸ್ಟೋಫರ್ ಕ್ಲೇಟನ್ ಹಟನ್ ಎಂಬಾತ ಈ ನಕ್ಷೆಗಳನ್ನು ರೂಪಿಸಿದ. ಬಟ್ಟೆಯಾದ್ದರಿಂದ ಮಡಚಿದರೆ ಸದ್ದಿಲ್ಲ, ನೆನೆದರೆ ಹರಿಯದು. ರೇಷ್ಮೆಯ ಮೇಲೆ ಶಾಯಿ ಹರಡದಿರಲೆಂದು ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಅನ್ನೇ ಶಾಯಿಗೆ ಬೆರೆಸಿದರು. ಆ ಗಟ್ಟಿತನವನ್ನು ನಂಬಿ ಇಂದು ಒಗೆಯಬಾರದು, ಇಸ್ತ್ರಿಯೂ ಬೇಡ. ಮಡಿಕೆಯಲ್ಲೇ ಎಳೆ ಮುರಿಯುವುದರಿಂದ, ಸುಮಾರು 10 ಸೆಂ.ಮೀ. ವ್ಯಾಸದ ಆಮ್ಲರಹಿತ ಕೊಳವೆಗೆ ಟಿಶ್ಯೂ ಜೊತೆ ಮುದ್ರಣ ಹೊರಮುಖವಾಗಿ ಸುತ್ತಿಡಿ. ನಕ್ಷೆಯ ಜೊತೆ ಬರುತ್ತಿದ್ದ ಎಸ್ಕೇಪ್ ಡಬ್ಬಿಯಲ್ಲಿ ಹಾರ್ಲಿಕ್ಸ್ ಮಾತ್ರೆ, ನೀರು ಶುದ್ಧಿ ಮಾಡುವ ಮಾತ್ರೆ, ನಿದ್ದೆಗೆಡಿಸುವ ಬೆಂಜೆಡ್ರಿನ್ ಇರುತ್ತಿದ್ದವು. ಹಾರ್ಲಿಕ್ಸಿಗೆ ಇರುವೆ ಬರುತ್ತದೆ, ಬೆಂಜೆಡ್ರಿನ್ ಇಂದು ಕಾನೂನಿನ ನಿಯಂತ್ರಣದಲ್ಲಿರುವ ಮದ್ದು. ಎರಡನ್ನೂ ಬೇರೆ ಬೇರೆ ಸೀಲ್ ಮಾಡಿ, ಸಂಗ್ರಹಾಲಯದ ಸಲಹೆ ಕೇಳಿ.

ಲಾಗ್‌ಬುಕ್

ಟ್ರಂಕಿಗೆ ಬೆಂಕಿ ಬಿದ್ದು ಒಂದೇ ವಸ್ತು ಉಳಿಸಬಹುದೆಂದರೆ ಇದನ್ನು ಉಳಿಸಿ. ಪೈಲಟ್‌ನದು ಫಾರ್ಮ್ 414, ಉಳಿದ ಸಿಬ್ಬಂದಿಯದು ಫಾರ್ಮ್ 1767. ದಿನಾಂಕ, ವಿಮಾನದ ಮಾದರಿ ಮತ್ತು ಸಂಖ್ಯೆ, ಗುರಿ, ಹಗಲಿರುಳಿನ ಗಂಟೆಗಳು ಬೇರೆ ಬೇರೆ ಅಂಕಣದಲ್ಲಿ. ತಿಂಗಳ ಕೊನೆಗೆ ಮೇಲಧಿಕಾರಿಯ ಸಹಿ. ಬಾಂಬರ್ ಸ್ಕ್ವಾಡ್ರನ್ನುಗಳಲ್ಲಿ ರಾತ್ರಿ ದಾಳಿಯನ್ನು ಕೆಂಪು ಶಾಯಿಯಲ್ಲೂ ಹಗಲು ದಾಳಿಯನ್ನು ಹಸಿರಿನಲ್ಲೂ ಬರೆಯುತ್ತಿದ್ದರು. ಈ ಎರಡು ಬಣ್ಣಗಳಿಗೆ ನೀರೂ ಬೆಳಕೂ ಆಗದು. ಬಣ್ಣ ಹೋದರೆ ಪದ ಉಳಿದರೂ ಅರ್ಥದ ಒಂದು ಭಾಗ ಹೋಗುತ್ತದೆ, ಹಾಗಾಗಿ ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಬಾರದು.

ಪುಸ್ತಕವನ್ನು ಪೂರ್ತಿ ಚಪ್ಪಟೆಯಾಗಿ ಬಿಡಿಸಿ ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಬೆನ್ನು ಒಡೆಯುತ್ತದೆ. ಎರಡು ಬದಿಗೆ ಸ್ಪಂಜಿನ ಆಸರೆ ಕೊಟ್ಟು 90ರಿಂದ 120 ಡಿಗ್ರಿಯಷ್ಟೇ ತೆರೆದು, ಮೇಲಿಂದ ಕ್ಯಾಮೆರಾದಲ್ಲಿ ತೆಗೆಯಿರಿ, ಫ್ಲ್ಯಾಶ್ ಇಲ್ಲದೆ. ಬಿಡಿ ಕಾಗದಗಳನ್ನು ಬಣ್ಣದಲ್ಲಿ 400ರಿಂದ 600 ಡಿಪಿಐಗೆ ಸ್ಕ್ಯಾನ್ ಮಾಡಬಹುದು. ಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡು ತೆಗೆಯಿರಿ, ಲಕೋಟೆಯನ್ನು ಪತ್ರದ ಜೊತೆಗೇ ಇಡಿ.

ಇನ್ನು ಲ್ಯಾಮಿನೇಷನ್. ಬೀದಿಗೊಂದು ಜೆರಾಕ್ಸ್ ಅಂಗಡಿ ಇರುವ ನಮ್ಮಲ್ಲಿ ಇದೇ ದೊಡ್ಡ ಪಿಡುಗು. ಬಿಸಿ ಅಂಟು ನಾರಿನೊಳಗೆ ಇಳಿದ ಮೇಲೆ ಅದನ್ನು ಕ್ಷೇಮವಾಗಿ ಬಿಡಿಸಲು ಆಗುವುದಿಲ್ಲ, ಕಾಗದದ ಆಮ್ಲ ಒಳಗೇ ಉಳಿದು ಕೆಲಸ ಮುಂದುವರಿಸುತ್ತದೆ. ಬದಲಿಗೆ ಬದಿ ತೆರೆದ ಪಾಲಿಯೆಸ್ಟರ್ ಕವರು ಬಳಸಿ. ಪಿವಿಸಿ ಕವರು ಆಗದು: ಅದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಶಾಯಿಯನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ. ನೆಗೆಟಿವ್‌ಗಳಲ್ಲಿ ವಿನೆಗರ್ ವಾಸನೆ ಬಂದರೆ ಅದೇ ದಿನ ಬೇರೆ ಪೆಟ್ಟಿಗೆಗೆ ಹಾಕಿ. ಅಂಚಿನಲ್ಲಿ ‘ಸೇಫ್ಟಿ’ ಎಂದು ಇಲ್ಲದ ಹಳೆಯ ಫಿಲ್ಮು ನೈಟ್ರೇಟ್ ಇರಬಹುದು, ಅದು ಸುಲಭವಾಗಿ ಹೊತ್ತಿಕೊಳ್ಳುವಂಥದ್ದು. ಮನೆಯಲ್ಲಿ ಇಡುವ ವಸ್ತುವಲ್ಲ.

ಬೆಳಕು, ತೇವ

ಉಣ್ಣೆ, ರೇಷ್ಮೆ, ಶಾಯಿಗೆ 50 ಲಕ್ಸ್ (ಬೆಳಕಿನ ತೀವ್ರತೆಯ ಅಳತೆ) ಬೆಳಕು ಮಿತಿ. ದಿನಕ್ಕೆ 8 ಗಂಟೆಯಂತೆ ವರ್ಷವಿಡೀ ಅಷ್ಟು ಬೆಳಕಿನಲ್ಲಿಟ್ಟರೆ 1,46,000 ಲಕ್ಸ್-ಗಂಟೆ. ನಡುಹಗಲಿನ ನೇರ ಬಿಸಿಲು 1,00,000 ಲಕ್ಸ್‌ನಷ್ಟಿರುತ್ತದೆ. ಅಂದರೆ ‘ಸ್ವಲ್ಪ ಬಿಸಿಲಿಗೆ ಹಾಕೋಣ’ ಎಂದು ಅಂಗಳದಲ್ಲಿ ಒಂದೂವರೆ ಗಂಟೆ ಹರವಿದರೆ ಒಂದು ವರ್ಷದ ಪ್ರದರ್ಶನದ ಹಾನಿ ಅಂದೇ ಮುಗಿಯಿತು. ಬೆಳಕಿನ ಹಾನಿ ಕೂಡುತ್ತ ಹೋಗುತ್ತದೆ, ಕತ್ತಲಲ್ಲಿಟ್ಟರೆ ವಾಸಿಯಾಗುವುದಿಲ್ಲ.

ತೇವಾಂಶ 45ರಿಂದ 55 ಶೇಕಡದ ನಡುವೆ ಇರಲಿ. 65 ದಾಟಿ ನಿಂತರೆ ಬೂಷ್ಟು ಖಚಿತ. ಬೆಂಗಳೂರಿನ ಹವೆ ಬಹುಪಾಲು ಸಹ್ಯ. ಮಂಗಳೂರು, ಉಡುಪಿಯ ಮಳೆಗಾಲಕ್ಕೆ ಡಿಹ್ಯುಮಿಡಿಫೈಯರ್ ಇಲ್ಲದೆ ಆಗದು. ಅಟ್ಟ ಬೇಡ, ನೆಲಮಾಳಿಗೆ ಬೇಡ, ಹೊರಗೋಡೆಗೆ ತಾಗಿದ ಬೀರುವೂ ಬೇಡ. ಪ್ಲೈವುಡ್ ಕಪಾಟು ಹುಳಿ ಆವಿ ಬಿಡುವುದರಿಂದ ಬಣ್ಣ ಬೇಯಿಸಿದ ಉಕ್ಕಿನ ಬೀರು ಮೇಲು. ಸಿಲಿಕಾ ಜೆಲ್ ಪೊಟ್ಟಣವನ್ನು ಪದಕದ ಡಬ್ಬಿಗೆ ಧಾರಾಳವಾಗಿ ಹಾಕಿ. ಚರ್ಮದ ಪೆಟ್ಟಿಗೆಗೆ ಹಾಗೆ ಹಾಕಿದರೆ ಅತಿಯಾಗಿ ಒಣಗಿ ಬಿರಿಯುತ್ತದೆ.

ಬೆಂಗಳೂರಿಗೆ ಈ ಮಾತು ದೂರದ್ದೇನಲ್ಲ. ಯುದ್ಧಕಾಲದಲ್ಲಿ ಅಮೆರಿಕನ್ ವಾಯುಸೇನೆಯ ವಿಮಾನಗಳ ದುರಸ್ತಿ ಇಲ್ಲಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಡೆಯಿತು. ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು 1948ರಿಂದ ಇಲ್ಲಿಗೆ ತಂದು ಮತ್ತೆ ಹಾರುವಂತೆ ಮಾಡಿದರು, ಭಾರತೀಯ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಆ ತಲೆಮಾರಿನ ಲಾಗ್‌ಬುಕ್ಕು, ಹೆಲ್ಮೆಟ್ಟು, ಗಡಿಯಾರಗಳಿಗೂ ಮೇಲಿನದೆಲ್ಲ ಹಾಗೇ ಅನ್ವಯಿಸುತ್ತದೆ.

ಸಂಗ್ರಹಾಲಯಕ್ಕೆ ಕೊಡುವ ಯೋಚನೆಯಿದ್ದರೆ ಮೊದಲೇ ಕೇಳಿ: ಎಲ್ಲವನ್ನೂ ತೆಗೆದುಕೊಳ್ಳುತ್ತಾರೋ, ಆಯ್ದದ್ದನ್ನೋ? ಬ್ಯಾಟಲ್‌ಡ್ರೆಸ್ ಬಹುಪಾಲು ಕಡೆ ಈಗಾಗಲೇ ಇರುತ್ತದೆ, ಅವರಿಗೆ ಬೇಕಾದದ್ದು ಲಾಗ್‌ಬುಕ್ಕು ಮತ್ತು ಪತ್ರ. ಇಂಗ್ಲೆಂಡಿನ ಲಿಂಕನ್ ನಗರದ ಅಂತರರಾಷ್ಟ್ರೀಯ ಬಾಂಬರ್ ಕಮಾಂಡ್ ಕೇಂದ್ರದ ಡಿಜಿಟಲ್ ದಾಖಲೆ ಸಂಗ್ರಹದ ನೀತಿಯಂತೆ ಸ್ಕ್ಯಾನ್ ಕೊಟ್ಟು ಮೂಲವನ್ನು ಮನೆಯಲ್ಲೇ ಉಳಿಸಿಕೊಳ್ಳುವ ದಾರಿಯೂ ಉಂಟು. ಹೇಗೂ ಸಂಗ್ರಹ ಎರಡು ಕಡೆ ಹಂಚಿಹೋಗುವುದಾದರೆ, ಸಂಖ್ಯೆ ಮತ್ತು ಫೋಟೋ ಸಹಿತ ಪೂರ್ತಿ ಪಟ್ಟಿಯ ಒಂದೊಂದು ಪ್ರತಿ ಎರಡೂ ಪೆಟ್ಟಿಗೆಗಳಲ್ಲಿ ಇರಬೇಕು, ಇನ್ನೊಂದು ಭಾಗ ಯಾರ ಬಳಿಯಿದೆ ಎಂಬ ಸಾಲಿನೊಂದಿಗೆ.